ಕಾರಿಗೆ ಹೊಸ ಬಣ್ಣ ಹಾಕಿಸುವ ಮುನ್ನ: ಹೊರಮೈ ಸಿದ್ಧತೆಯ ಬಗ್ಗೆ ಕೊಡಗಿನ ವಾಹನ ಮಾಲೀಕರಿಗೆ ಮಾಹಿತಿ

1. ಪೀಠಿಕೆ

ಕೊಡಗು ಜಿಲ್ಲೆಯು ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಪಡೆಯುವ ಪ್ರದೇಶಗಳಲ್ಲಿ ಒಂದಾಗಿದೆ. ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3,000 ಮಿ.ಮೀ.ಗೂ ಹೆಚ್ಚು ಮಳೆಯಾಗುತ್ತದೆ. ಭಾಗಮಂಡಲ ಮತ್ತು ತಲಕಾವೇರಿಯ ಕಡೆ ಮಳೆಯ ಪ್ರಮಾಣ ಇದಕ್ಕಿಂತಲೂ ಅಧಿಕವಾಗಿದ್ದು, ಪೂರ್ವ ಭಾಗದ ಕುಶಾಲನಗರದ ಸುತ್ತಮುತ್ತ ಇದರ ಅರ್ಧಕ್ಕಿಂತ ಕಡಿಮೆಯಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಯಲಿನಲ್ಲಿ ನಿಲ್ಲಿಸಿದ ವಾಹನದ ತಗಡು ಪೂರ್ಣವಾಗಿ ಒಣಗುವ ದಿನಗಳು ವಿರಳ. ರೈಲು ಮಾರ್ಗವಿಲ್ಲದ ಈ ಜಿಲ್ಲೆಯಲ್ಲಿ ಜನರ ಸಂಚಾರವೂ ತೋಟದ ಕೆಲಸವೂ ಕಾರು, ಜೀಪುಗಳನ್ನೇ ಅವಲಂಬಿಸಿರುವುದರಿಂದ ವಾಹನದ ಹೊರಮೈಯ ರಕ್ಷಣೆಯು ಕೇವಲ ಅಂದಚೆಂದದ ವಿಷಯವಾಗಿರುವುದಿಲ್ಲ.

ಹೊಸ ಬಣ್ಣ ಹಾಕಿಸಿದ ವಾಹನವು ಬೇಸಿಗೆಯಲ್ಲಿ ಹೊಳೆಯುತ್ತಿದ್ದು, ಮೊದಲ ಮಳೆಗಾಲ ಕಳೆಯುವಷ್ಟರಲ್ಲಿ ಗುಳ್ಳೆ ಎದ್ದು ಸಿಪ್ಪೆಯಂತೆ ಕಿತ್ತುಬರುವುದುಂಟು. ಇಂತಹ ಸಂದರ್ಭದಲ್ಲಿ ಸಾಮಾನ್ಯವಾಗಿ ಬಣ್ಣದ ಗುಣಮಟ್ಟವನ್ನು ದೂಷಿಸಲಾಗುತ್ತದೆ. ಆದರೆ ಹೆಚ್ಚಿನ ಸಂದರ್ಭಗಳಲ್ಲಿ ದೋಷವಿರುವುದು ಬಣ್ಣದ ಕೆಳಗೆ: ಪೂರ್ಣವಾಗಿ ತೆಗೆಯದೆ ಉಳಿದ ತುಕ್ಕು, ಪುಟ್ಟಿಯೊಳಗೆ ಸೇರಿದ ನೀರು, ಒರೆಸದೆ ಬಿಟ್ಟ ಎಣ್ಣೆಯ ಅಂಶ. ಬಣ್ಣವು ತುಕ್ಕನ್ನು ಮುಚ್ಚುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ಮೇಲಿನ ಪದರ ಬಿದ್ದ ನಂತರ ಒಳಗಿನ ಕೆಲಸವನ್ನು ನೋಡಲು ಅವಕಾಶವೂ ಇರುವುದಿಲ್ಲ. ಆದುದರಿಂದ ಮಾಲೀಕರು ಪೂರ್ವಸಿದ್ಧತೆಯ ಹಂತಗಳನ್ನು ಅರಿತು, ಬಣ್ಣ ಹಾಕುವ ಮುನ್ನವೇ ಪರಿಶೀಲಿಸುವುದು ಅಗತ್ಯ.

2. ಬಣ್ಣ ಹಾಳಾಗುವ ಬಗೆ

ಕಾರ್ಖಾನೆಯಲ್ಲಿ ಕಾರಿನ ಉಕ್ಕಿನ ತಗಡಿಗೆ ಮೊದಲು ಫಾಸ್ಫೇಟ್ ಲೇಪನ, ಅನಂತರ ವಿದ್ಯುತ್ ಪ್ರವಾಹದ ಮೂಲಕ ಮುಳುಗಿಸಿ ಹಿಡಿಸುವ ಪ್ರೈಮರ್, ಅದರ ಮೇಲೆ ಸರ್ಫೇಸರ್, ಬಣ್ಣ ಮತ್ತು ಪಾರದರ್ಶಕ ಕ್ಲಿಯರ್ ಕೋಟ್ ಎಂಬ ಕ್ರಮದಲ್ಲಿ ಪದರಗಳನ್ನು ಕೊಡಲಾಗುತ್ತದೆ. ಇವೆಲ್ಲವೂ ಸೇರಿ ದಪ್ಪ ಸುಮಾರು ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಮಾತ್ರ. ಈ ಪದರಕ್ಕೆ ಗೀರು ಬಿದ್ದು ತಗಡು ತೆರೆದುಕೊಂಡಾಗ ನೀರು ಮತ್ತು ಗಾಳಿಯ ಸಂಪರ್ಕದಿಂದ ತುಕ್ಕು ಹುಟ್ಟುತ್ತದೆ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಪಕ್ಕದ ಬಣ್ಣವನ್ನು ಕೆಳಗಿನಿಂದ ಎತ್ತುತ್ತದೆ. ಎತ್ತಿದ ಬಣ್ಣದ ಅಡಿಗೆ ಇನ್ನಷ್ಟು ನೀರು ಸೇರುತ್ತದೆ. ಹೀಗೆ ಕಡಲೆ ಗಾತ್ರದ ಗುಳ್ಳೆಯ ಅಡಿಯಲ್ಲಿ ಅಂಗೈಯಗಲದ ತುಕ್ಕು ಇರುವ ಸಾಧ್ಯತೆ ಇರುತ್ತದೆ.

ಮೇಲ್ಕಂಡ ಕಾರಣದಿಂದಲೇ ಒಂದು ಮುಖ್ಯ ಅಂಶವನ್ನು ಗಮನಿಸಬೇಕು. ಕಾರ್ಖಾನೆಯ ಪ್ರೈಮರ್ ತಗಡಿಗೆ ಹಿಡಿದಷ್ಟು ಬಿಗಿಯಾಗಿ ಹೊರಗಿನ ಗ್ಯಾರೇಜಿನಲ್ಲಿ ಹಾಕಿದ ಪ್ರೈಮರ್ ಹಿಡಿಯುವುದು ಕಷ್ಟ. ಆದುದರಿಂದ ಹಳೆಯ ಬಣ್ಣ ಗಟ್ಟಿಯಾಗಿರುವ ಕಡೆ ಅದನ್ನು ಮೇಲ್ಮಟ್ಟದಲ್ಲಿ ಉಜ್ಜಿ ಒರಟುಗೊಳಿಸಿದರೆ ಸಾಕು. ಇಡೀ ಕಾರನ್ನು ಬರಿಯ ತಗಡಿನವರೆಗೆ ಕೆರೆಸುವುದು ಹೆಚ್ಚಿನ ಕೆಲಸವೇ ವಿನಾ ಉತ್ತಮ ಕೆಲಸವಲ್ಲ. ತುಕ್ಕು, ಬಿರುಕು, ಸಿಪ್ಪೆ ಏಳುವಿಕೆ ಇರುವ ಕಡೆ ಮಾತ್ರ ತಗಡಿನವರೆಗೆ ಹೋಗಬೇಕು. ಅಲ್ಲಿ ಏನನ್ನೂ ಉಳಿಸಬಾರದು.

3. ಕಾಲದ ಆಯ್ಕೆ

ತಗಡಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ಇಬ್ಬನಿ ಕುಳಿತಿದ್ದರೂ ಪ್ರೈಮರ್ ಸರಿಯಾಗಿ ಹಿಡಿಯುವುದಿಲ್ಲ. ಲೋಹಕ್ಕೆ ಬಣ್ಣ ಹಾಕುವ ಕೆಲಸದಲ್ಲಿ ಪಾಲಿಸಲಾಗುವ ಸಾಮಾನ್ಯ ಕ್ರಮವೇನೆಂದರೆ, ತಗಡಿನ ಉಷ್ಣತೆಯು ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಮೇಲಿರಬೇಕು ಮತ್ತು ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡ 85ನ್ನು ಮೀರಿರಬಾರದು. ಉದಾಹರಣೆಗೆ, ಗಾಳಿಯ ಉಷ್ಣತೆ 22 ಡಿಗ್ರಿ ಮತ್ತು ಆರ್ದ್ರತೆ ಶೇಕಡ 80 ಇದ್ದಾಗ ಇಬ್ಬನಿ ಕಟ್ಟುವ ಉಷ್ಣತೆ ಸುಮಾರು 18 ಡಿಗ್ರಿ. ರಾತ್ರಿಯಿಡೀ ಹೊರಗೆ ನಿಂತು ತಣ್ಣಗಾದ ತಗಡು ಬೆಳಿಗ್ಗೆ 19 ಡಿಗ್ರಿಯಲ್ಲಿದ್ದರೆ ಕೆಲಸ ಆರಂಭಿಸಬಾರದು. ಉಪಕರಣಗಳಿಲ್ಲದ ಕಡೆ ಸರಳ ಪರೀಕ್ಷೆಯೊಂದಿದೆ: ಒದ್ದೆ ಬಟ್ಟೆಯಿಂದ ತಗಡಿನ ಮೇಲೆ ಒಮ್ಮೆ ಎಳೆದಾಗ ಉಳಿಯುವ ತೆಳುವಾದ ತೇವವು 15 ನಿಮಿಷದೊಳಗೆ ಆರದಿದ್ದರೆ ಅಂದು ಪ್ರೈಮರ್ ಹಾಕುವುದು ಸೂಕ್ತವಲ್ಲ.

ಜಿಲ್ಲೆಯ ಹವಾಮಾನಕ್ಕೆ ಅನ್ವಯಿಸಿ ಹೇಳುವುದಾದರೆ:

• ಜೂನ್‌ನಿಂದ ಸೆಪ್ಟೆಂಬರ್: ಮುಂಗಾರಿನ ಕಾಲ. ಬಿಸಿಗಾಳಿಯ ಮುಚ್ಚಿದ ಪೇಂಟ್ ಬೂತ್ ಇಲ್ಲದ ಕಡೆ ಪೂರ್ಣ ಬಣ್ಣದ ಕೆಲಸ ಕೈಗೊಳ್ಳಬಾರದು.
• ಅಕ್ಟೋಬರ್ ಮತ್ತು ನವೆಂಬರ್: ಹಿಂಗಾರು ಮಳೆಯ ಸಂಭವವಿರುವುದರಿಂದ ಬರಿಯ ತಗಡನ್ನು ತೆರೆದಿಡುವ ಕೆಲಸಕ್ಕೆ ಎಚ್ಚರಿಕೆ ಅಗತ್ಯ.
• ಡಿಸೆಂಬರ್‌ನಿಂದ ಫೆಬ್ರವರಿ: ಒಣಹವೆಯ ಉತ್ತಮ ಕಾಲ. ಆದರೆ ಬೆಳಗಿನ ಮಂಜು ಸರಿದು ತಗಡು ಬೆಚ್ಚಗಾದ ನಂತರವೇ ಪ್ರೈಮರ್ ಮತ್ತು ಬಣ್ಣದ ಕೆಲಸ ಮಾಡಿ, ಸಂಜೆ ತಂಪಾಗುವ ಮುನ್ನ ಮುಗಿಸಬೇಕು.
• ಮಾರ್ಚ್‌ನಿಂದ ಮೇ: ಹೂಮಳೆ ಮತ್ತು ಗುಡುಗುಮಳೆ ಅನಿರೀಕ್ಷಿತವಾಗಿ ಬರುವುದರಿಂದ ಮಾಡಿನ ಕೆಳಗೆ ಮಾತ್ರ ಕೆಲಸ ಮಾಡಬೇಕು.

ಕಾಫಿ ಕೊಯ್ಲಿನ ಕಾಲವೂ ಒಣಹವೆಯ ತಿಂಗಳುಗಳಲ್ಲಿಯೇ ಬರುವುದರಿಂದ ವಾಹನವನ್ನು ವಾರಗಟ್ಟಲೆ ಬಿಟ್ಟಿರುವುದು ಬೆಳೆಗಾರರಿಗೆ ಕಷ್ಟವೆಂಬುದು ನಿಜ. ಈ ಕಾರಣಕ್ಕೆ ಕೆಲಸವನ್ನು ಮುಂದೂಡಿ ಮೇ ತಿಂಗಳ ಕೊನೆಯಲ್ಲಿ ಅವಸರದಿಂದ ಮಾಡಿಸಲಾಗುತ್ತದೆ. ಸಾಕಷ್ಟು ಒಣಗದ ಬಣ್ಣವು ನೇರವಾಗಿ ಮುಂಗಾರಿಗೆ ಒಡ್ಡಿಕೊಳ್ಳುತ್ತದೆ. ಇದಕ್ಕಿಂತ, ಕೊಯ್ಲು ಮುಗಿದ ಕೂಡಲೇ ಮಾಡಿಸುವುದು ಅಥವಾ ತುಕ್ಕು ಹಿಡಿದ ಭಾಗಗಳಿಗೆ ಮಾತ್ರ ಚಿಕಿತ್ಸೆ ಮಾಡಿಸಿ ಪೂರ್ಣ ಬಣ್ಣವನ್ನು ಮುಂದಿನ ಡಿಸೆಂಬರ್‌ಗೆ ಇಟ್ಟುಕೊಳ್ಳುವುದು ಲೇಸು.

ಕೆಲಸದ ಜಾಗವು ಕಾಫಿ ಒಣಗಿಸುವ ಕಣ, ಪಲ್ಪಿಂಗ್ ಘಟಕ ಮತ್ತು ಮಣ್ಣುರಸ್ತೆಯ ಧೂಳಿನಿಂದ ದೂರವಿರಬೇಕು.

4. ತೊಳೆಯುವಿಕೆ ಮತ್ತು ಪರಿಶೀಲನೆ

ಮೊದಲು ವಾಹನವನ್ನು ನೀರು ಮತ್ತು ಸೋಪಿನಿಂದ ಕೆಳಭಾಗವೂ ಸೇರಿದಂತೆ ತೊಳೆದು ಒಣಗಿಸಬೇಕು. ಅನಂತರ, ಉಜ್ಜುವ ಕೆಲಸಕ್ಕೆ ಮುನ್ನವೇ, ಮೇಣ ಮತ್ತು ಜಿಡ್ಡು ತೆಗೆಯುವ ದ್ರಾವಕವನ್ನು ಶುಭ್ರವಾದ ಬಟ್ಟೆಯಿಂದ ಹಚ್ಚಿ, ಅದು ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಈ ಕ್ರಮವನ್ನು ಹಿಂದುಮುಂದು ಮಾಡಬಾರದು. ಜಿಡ್ಡಿರುವ ಮೇಲ್ಮೈಯನ್ನು ಉಜ್ಜಿದರೆ ಜಿಡ್ಡು ಹೋಗುವ ಬದಲು ಗೀರುಗಳೊಳಗೆ ಸೇರಿಕೊಳ್ಳುತ್ತದೆ. ಡ್ಯಾಶ್‌ಬೋರ್ಡ್ ಮತ್ತು ಟೈರುಗಳಿಗೆ ಹೊಳಪು ಕೊಡುವ ಸಿಲಿಕೋನ್ ಮಿಶ್ರಿತ ಪಾಲಿಶ್ ಅಲ್ಪ ಪ್ರಮಾಣದಲ್ಲಿ ಉಳಿದರೂ ಹೊಸ ಬಣ್ಣವು ಮೀನುಗಣ್ಣಿನಂತೆ ದುಂಡಗೆ ಸರಿದು ಕುಳಿ ಬೀಳುತ್ತದೆ. ಮಳೆಗಾಲಕ್ಕೆ ಮುನ್ನ ವಾಹನದ ತಳಕ್ಕೆ ಹಳೆಯ ಎಂಜಿನ್ ಆಯಿಲ್ ಬಳಿಸಿದ್ದಲ್ಲಿ ಆ ವಿಷಯವನ್ನು ಪೇಂಟರ್‌ಗೆ ಮುಂಚಿತವಾಗಿಯೇ ತಿಳಿಸತಕ್ಕದ್ದು.

ತೊಳೆದ ನಂತರ ಈ ಕೆಳಕಂಡ ಭಾಗಗಳನ್ನು ವಿಶೇಷವಾಗಿ ಪರಿಶೀಲಿಸಬೇಕು:

• ಚಕ್ರಗಳ ಮೇಲಿನ ಕಮಾನಿನ ಒಳ ಅಂಚು
• ಬಾಗಿಲುಗಳ ಕೆಳ ಅಂಚು ಮತ್ತು ನೀರು ಹರಿದುಹೋಗುವ ಸಣ್ಣ ರಂಧ್ರಗಳು
• ಬಾಗಿಲುಗಳ ಕೆಳಗಿನ ಟೊಳ್ಳಾದ ಸಿಲ್ ಪಟ್ಟಿ
• ಮುಂಗಾಜಿನ ಕೆಳಗೆ, ಬಾನೆಟ್ಟಿನ ಹಿಂದೆ ಎಲೆ ಶೇಖರವಾಗುವ ಜಾಗ
• ಹಿಂಬದಿಯ ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿ
• ಜೀಪುಗಳಲ್ಲಿ ಕಾಲಿಡುವ ತಳದ ತಗಡು ಮತ್ತು ಕೆಸರು ಸಿಡಿಯುವ ಮಡ್‌ಗಾರ್ಡಿನ ಜೋಡಣೆಗಳು

ತೋಟದ ಮರಗಳ ನೆರಳಿನಲ್ಲಿ ನಿಲ್ಲುವ ವಾಹನಗಳಲ್ಲಿ ನೀರು ಹರಿಯುವ ರಂಧ್ರಗಳು ಎಲೆ, ಹೂವು, ಮಣ್ಣಿನಿಂದ ಕಟ್ಟಿಕೊಂಡಿರುತ್ತವೆ. ಈ ರಂಧ್ರಗಳನ್ನು ಬಿಡಿಸದೆ ಹೊರಗೆ ಮಾತ್ರ ಬಣ್ಣ ಹಾಕಿದರೆ ತುಕ್ಕು ಒಳಗಿನಿಂದ ಹೊರಕ್ಕೆ ಬರುತ್ತದೆ. 2018 ಮತ್ತು 2019ರ ಆಗಸ್ಟ್ ತಿಂಗಳುಗಳ ಅತಿವೃಷ್ಟಿಯ ಸಮಯದಲ್ಲಿ ಅಥವಾ ಅನಂತರದ ಯಾವುದೇ ಪ್ರವಾಹದಲ್ಲಿ ನೀರಿನಲ್ಲಿ ನಿಂತ ವಾಹನವಾಗಿದ್ದಲ್ಲಿ ಸಿಲ್ ಪಟ್ಟಿ ಮತ್ತು ಬಾಗಿಲುಗಳ ಒಳಗೆ ಹೂಳು ಉಳಿದಿರುವ ಸಾಧ್ಯತೆ ಇದೆ. ಹೂಳು ತೇವವನ್ನು ಹಿಡಿದಿಡುವುದರಿಂದ ಒಳಭಾಗವನ್ನು ನೀರು ಹಾಯಿಸಿ ತೊಳೆದು, ಗಾಳಿ ಊದಿ ಒಣಗಿಸಿದ ಮೇಲೆಯೇ ಮುಂದುವರಿಯಬೇಕು.

ಹಳೆಯ ವಾಹನ ಕೊಂಡವರು ಹಿಂದಿನ ರಿಪೇರಿಯನ್ನು ತಿಳಿಯಲು ತೆಳುವಾದ ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಬಳಸಬಹುದು. ಉಕ್ಕಿನ ತಗಡಿನ ಮೇಲೆ ಅದು ಸಡಿಲವಾಗಿ ಹಿಡಿದರೆ ಅಲ್ಲಿ ದಪ್ಪನೆಯ ಪುಟ್ಟಿ ಇದೆಯೆಂದು ತಿಳಿಯಬೇಕು. ಪ್ಲಾಸ್ಟಿಕ್ ಬಂಪರ್ ಮತ್ತು ಅಲ್ಯೂಮಿನಿಯಂ ಭಾಗಗಳಿಗೆ ಈ ಪರೀಕ್ಷೆ ಅನ್ವಯಿಸುವುದಿಲ್ಲ. ಹಳೆಯ ಬಣ್ಣದ ಬಗೆಯನ್ನು ತಿಳಿಯಲು ಮರೆಯಲ್ಲಿರುವ ಜಾಗದಲ್ಲಿ ಥಿನ್ನರ್ ಅದ್ದಿದ ಬಟ್ಟೆಯಿಂದ ತಿಕ್ಕಿ ನೋಡಬೇಕು. ಬಣ್ಣ ಕರಗಿ ಬಟ್ಟೆಗೆ ಹತ್ತಿದರೆ ಅದು ಎನ್.ಸಿ. ಬಣ್ಣ, ಸುಕ್ಕುಗಟ್ಟಿದರೆ ಸಿಂಥೆಟಿಕ್ ಎನಾಮೆಲ್ ಆಗಿರುವ ಸಂಭವ ಹೆಚ್ಚು. ಇವುಗಳ ಮೇಲೆ ನೇರವಾಗಿ ಪಿ.ಯು. ಬಣ್ಣ ಹಾಕಿದರೆ ಕೆಳಗಿನ ಪದರ ಏಳುವ ಅಪಾಯವಿದೆ.

5. ತುಕ್ಕು ತೆಗೆಯುವುದು

ತುಕ್ಕು ಕಾಣುವ ಜಾಗದ ಸುತ್ತಲೂ ಬಣ್ಣವನ್ನು ಕೆರೆಯುತ್ತಾ ಹೋಗಿ, ಎಲ್ಲ ದಿಕ್ಕಿನಲ್ಲಿಯೂ ಹೊಳೆಯುವ ತಗಡು ಕಾಣುವವರೆಗೆ ತೆರೆಯಬೇಕು. ತಗಡಿನ ಮೇಲೆ ಕಪ್ಪು ಚುಕ್ಕೆಗಳಂತೆ ಉಳಿಯುವ ಕುಳಿಗಳಲ್ಲಿ ತುಕ್ಕು ಇನ್ನೂ ಇರುತ್ತದೆ. ತಂತಿ ಬ್ರಷ್ಷು ಇವುಗಳ ಮೇಲ್ಭಾಗವನ್ನು ಹೊಳಪುಗೊಳಿಸುತ್ತದೆಯೇ ಹೊರತು ಆಳದಲ್ಲಿರುವುದನ್ನು ತೆಗೆಯುವುದಿಲ್ಲ. ಇಂತಹ ಕಡೆ ಸಣ್ಣ ಬ್ಲಾಸ್ಟಿಂಗ್ ಯಂತ್ರ ಅಥವಾ ಫಾಸ್ಫಾರಿಕ್ ಆಮ್ಲವಿರುವ ತುಕ್ಕುನಿವಾರಕವನ್ನು ಬಳಸಬಹುದು. ಆಮ್ಲ ಬಳಸಿದಲ್ಲಿ ತಯಾರಕರ ಸೂಚನೆಯಂತೆ ಅದನ್ನು ಪೂರ್ಣವಾಗಿ ತೊಳೆದು ಒಣಗಿಸತಕ್ಕದ್ದು. ಆಮ್ಲದ ಶೇಷದ ಮೇಲೆ ಎಪಾಕ್ಸಿ ಪ್ರೈಮರ್ ಹಿಡಿಯುವುದಿಲ್ಲ.

ತಗಡು ತೂತಾಗಿದ್ದಲ್ಲಿ ಅಥವಾ ಬೆರಳಿನಿಂದ ಒತ್ತಿದರೆ ಬಗ್ಗುವಷ್ಟು ಸವೆದಿದ್ದಲ್ಲಿ ಆ ಭಾಗವನ್ನು ಕತ್ತರಿಸಿ ಹೊಸ ತಗಡನ್ನು ವೆಲ್ಡಿಂಗ್ ಮಾಡಿಸಬೇಕು. ತೂತಿನ ಮೇಲೆ ಜಾಲರಿ ಇಟ್ಟು ಪುಟ್ಟಿ ಮೆತ್ತುವುದು ರಿಪೇರಿಯಲ್ಲ. ಸಿಲ್ ಪಟ್ಟಿಯಂತಹ ಭಾಗಗಳು ವಾಹನದ ಬಲಕ್ಕೆ ಆಧಾರವಾಗಿರುವುದರಿಂದ ಅಪಘಾತದ ಸಂದರ್ಭದಲ್ಲಿ ಇಂತಹ ಮೆತ್ತುವಿಕೆಯು ಪ್ರಯಾಣಿಕರ ಜೀವಕ್ಕೆ ಅಪಾಯಕಾರಿಯಾಗುತ್ತದೆ. ವೆಲ್ಡಿಂಗ್‌ಗೆ ಮುನ್ನ ಬ್ಯಾಟರಿಯ ಸಂಪರ್ಕವನ್ನು ತಪ್ಪಿಸಿ, ಇಂಧನದ ಟ್ಯಾಂಕ್ ಮತ್ತು ಕೊಳವೆಗಳು ಹತ್ತಿರದಲ್ಲಿದ್ದರೆ ಕಳಚಬೇಕು.

ಬರಿಯ ತಗಡನ್ನು ಈ ಜಿಲ್ಲೆಯ ಹವೆಯಲ್ಲಿ ಒಂದು ರಾತ್ರಿ ಬಿಟ್ಟರೂ ಸಾಕು, ಮರುದಿನ ತೆಳುವಾದ ಕೆಂಪು ತುಕ್ಕು ಕಾಣಿಸಿಕೊಳ್ಳಬಹುದು. ಆದುದರಿಂದ ಒಂದೇ ದಿನದಲ್ಲಿ ಶುಚಿಗೊಳಿಸಿ ಪ್ರೈಮರ್ ಹಾಕಲು ಸಾಧ್ಯವಿರುವಷ್ಟು ಭಾಗವನ್ನು ಮಾತ್ರ ತೆರೆಯಬೇಕು. ಶುಚಿಗೊಳಿಸಿದ ತಗಡನ್ನು ಬರಿಗೈಯಿಂದ ಮುಟ್ಟಬಾರದು. ಬೆವರಿನ ಉಪ್ಪು ಅಲ್ಲಿಯೇ ಉಳಿಯುತ್ತದೆ.

6. ತಗ್ಗು ಸರಿಪಡಿಸುವುದು ಮತ್ತು ಪುಟ್ಟಿ

ತಗ್ಗುಗಳನ್ನು ಮೊದಲು ಟಿಂಕರಿಂಗ್ ಮೂಲಕ ಸಾಧ್ಯವಾದಷ್ಟು ಮಟ್ಟಕ್ಕೆ ತರಬೇಕು. ಪುಟ್ಟಿ ಇರುವುದು ಉಳಿದ ಸಣ್ಣ ವ್ಯತ್ಯಾಸವನ್ನು ಸರಿದೂಗಿಸಲು ಮಾತ್ರ. ಅದರ ದಪ್ಪ 3 ಮಿ.ಮೀ. ಮೀರದಿರುವುದು ಉತ್ತಮ. ದಪ್ಪನೆಯ ಪುಟ್ಟಿಯು ಜಲ್ಲಿರಸ್ತೆಯ ಕುಲುಕಾಟಕ್ಕೆ ಬಿರುಕು ಬಿಡುತ್ತದೆ. ಗಟ್ಟಿಕಾರಕವನ್ನು ತಯಾರಕರು ಹೇಳಿದ ಪ್ರಮಾಣದಲ್ಲಿ, ಸಾಮಾನ್ಯವಾಗಿ ಪುಟ್ಟಿಯ ತೂಕದ ಶೇಕಡ 2ರಷ್ಟು ಬೆರೆಸಲಾಗುತ್ತದೆ. ತಂಪು ಹವೆಯಲ್ಲಿ ಬೇಗ ಗಟ್ಟಿಯಾಗಲೆಂದು ಹೆಚ್ಚು ಬೆರೆಸಿದರೆ ಅದರ ಕಲೆ ಹೊಸ ಬಣ್ಣದ ಮೂಲಕ ಮೇಲಕ್ಕೆ ಕಾಣಿಸಿಕೊಳ್ಳುತ್ತದೆ.

ಕೊಡಗಿನಂತಹ ಪ್ರದೇಶದಲ್ಲಿ ಅತಿ ಮುಖ್ಯವಾಗಿ ಪಾಲಿಸಬೇಕಾದ ನಿಯಮವೆಂದರೆ, ಪಾಲಿಯೆಸ್ಟರ್ ಪುಟ್ಟಿಯನ್ನು ನೀರು ಹಾಕಿ ಉಜ್ಜಬಾರದು. ಈ ಪುಟ್ಟಿಯಲ್ಲಿ ಸೂಕ್ಷ್ಮ ರಂಧ್ರಗಳಿರುವುದರಿಂದ ಅದು ನೀರನ್ನು ಹೀರಿಕೊಳ್ಳುತ್ತದೆ. ಒಣ ಪ್ರದೇಶದಲ್ಲಿ ಆ ನೀರು ಬಿಸಿಲಿಗೆ ಆರಬಹುದಾದರೂ ಇಲ್ಲಿನ ತೇವದ ಹವೆಯಲ್ಲಿ ಒಳಗೇ ಉಳಿದು, ಮೇಲೆ ಬಣ್ಣ ಬಿದ್ದ ಮೇಲೆ ಗುಳ್ಳೆಯಾಗಿ ಹೊರಬರುತ್ತದೆ. ಅಡಿಯ ತಗಡಿಗೂ ತುಕ್ಕು ಹಿಡಿಸುತ್ತದೆ. ಧೂಳು ಕಡಿಮೆಯಾಗುವುದೆಂಬ ಕಾರಣಕ್ಕೆ ಎಲ್ಲ ಹಂತದಲ್ಲಿಯೂ ವಾಟರ್ ಪೇಪರ್ ಬಳಸುವ ರೂಢಿ ಇದ್ದಲ್ಲಿ, ಪುಟ್ಟಿಯ ಹಂತದಲ್ಲಿ ಒಣ ಉಜ್ಜುವಿಕೆಯನ್ನೇ ಮಾಡುವಂತೆ ಮಾಲೀಕರು ಸ್ಪಷ್ಟವಾಗಿ ತಿಳಿಸಬೇಕು.

7. ಪ್ರೈಮರ್ ಮತ್ತು ಉಜ್ಜುವಿಕೆ

ಬರಿಯ ತಗಡಿಗೆ ಎರಡು ಭಾಗಗಳ ಎಪಾಕ್ಸಿ ಪ್ರೈಮರ್ ಸೂಕ್ತ. ಇದು ತಗಡಿಗೆ ಗಟ್ಟಿಯಾಗಿ ಹಿಡಿದು, ನೀರು ಸುಲಭವಾಗಿ ಒಳಹೋಗದಂತೆ ತಡೆಯುತ್ತದೆ. ಇದರ ಮೇಲೆ ಹಾಕುವ ಬೂದು ಬಣ್ಣದ ಸರ್ಫೇಸರ್‌ನ ಉದ್ದೇಶ ಗೀರು, ಸಣ್ಣ ಕುಳಿಗಳನ್ನು ತುಂಬುವುದು, ನೀರನ್ನು ತಡೆಯುವುದಲ್ಲ. ಹಣದ ಅಥವಾ ಸಮಯದ ಅಭಾವದಿಂದ ಸರ್ಫೇಸರ್ ಹಾಕಿದ ಸ್ಥಿತಿಯಲ್ಲಿಯೇ ವಾಹನವನ್ನು ಮಳೆಯಲ್ಲಿ ಓಡಿಸುವುದರಿಂದ ಅದುವರೆಗೆ ಮಾಡಿದ ಸಿದ್ಧತೆಯೆಲ್ಲ ವ್ಯರ್ಥವಾಗುತ್ತದೆ.

ಉಜ್ಜುವ ಕಾಗದದ ಸಂಖ್ಯೆ ಹೆಚ್ಚಿದಂತೆ ಕಾಗದ ನುಣುಪಾಗುತ್ತದೆ. ಸಾಮಾನ್ಯ ಕ್ರಮ ಈ ಕೆಳಗಿನಂತಿದೆ:

• 80: ಪುಟ್ಟಿಗೆ ಮೊದಲ ಆಕಾರ ಕೊಡಲು
• 120 ರಿಂದ 180: ಪುಟ್ಟಿಯನ್ನು ಮಟ್ಟಗೊಳಿಸಲು
• 240 ರಿಂದ 320: ಹಳೆಯ ಬಣ್ಣದ ಅಂಚನ್ನು ಇಳಿಜಾರಾಗಿಸಲು, ಸರ್ಫೇಸರ್‌ಗೆ ಮುನ್ನ
• 400 ರಿಂದ 600: ಸರ್ಫೇಸರ್ ಒಣಗಿದ ಮೇಲೆ, ಅಂತಿಮ ಬಣ್ಣಕ್ಕೆ ಮುನ್ನ
• 800: ಮೆಟಾಲಿಕ್ ಬಣ್ಣಗಳಿಗೆ ಮುನ್ನ

ಒಂದು ಸಂಖ್ಯೆಯಿಂದ ಬಹು ದೂರದ ಸಂಖ್ಯೆಗೆ ಜಿಗಿಯಬಾರದು. ಒರಟು ಕಾಗದದ ಗೀರುಗಳು ಬಣ್ಣ ಒಣಗಿ ಕುಗ್ಗಿದ ನಂತರ ಮತ್ತೆ ಕಾಣಿಸುತ್ತವೆ. ಕಾಗದವನ್ನು ಬೆರಳುಗಳಿಂದ ಒತ್ತದೆ ಮಟ್ಟವಾದ ಪಟ್ಟಿಗೆ ಸುತ್ತಿ ಉಜ್ಜಬೇಕು. ಸರ್ಫೇಸರ್ ಮೇಲೆ ಕಪ್ಪು ಪುಡಿಯನ್ನು ತೆಳುವಾಗಿ ಹಚ್ಚಿ ಉಜ್ಜಿದಾಗ ಎತ್ತರದ ಜಾಗದಲ್ಲಿ ಕಪ್ಪು ಹೋಗಿ, ತಗ್ಗಿನಲ್ಲಿ ಉಳಿಯುತ್ತದೆ. ಇದರಿಂದ ಕಣ್ಣಿಗೆ ಕಾಣದ ದೋಷವೂ ತಿಳಿಯುತ್ತದೆ. ಈ ಹಂತದಲ್ಲಿ ಉಜ್ಜುವಾಗ ಎಲ್ಲಿಯಾದರೂ ತಗಡು ತೆರೆದುಕೊಂಡಲ್ಲಿ ಅಲ್ಲಿಗೆ ಮತ್ತೆ ಎಪಾಕ್ಸಿ ಪ್ರೈಮರ್ ಹಾಕತಕ್ಕದ್ದು.

ಗಾಜು, ರಬ್ಬರ್ ಪಟ್ಟಿ, ದೀಪಗಳನ್ನು ಸಾಧ್ಯವಿದ್ದಷ್ಟೂ ಕಳಚಿಡಬೇಕು. ಕಳಚಲಾಗದ್ದನ್ನು ಮಾಸ್ಕಿಂಗ್ ಟೇಪ್ ಮತ್ತು ಕಾಗದದಿಂದ ಮುಚ್ಚಬೇಕು. ಹಳೆಯ ವೃತ್ತಪತ್ರಿಕೆಯ ಮೂಲಕ ಥಿನ್ನರ್ ಒಳಗೆ ಇಳಿಯುವುದರಿಂದ ಇದಕ್ಕಾಗಿಯೇ ಇರುವ ಕಾಗದ ಉತ್ತಮ. ಬಣ್ಣಕ್ಕೆ ತುಸು ಮೊದಲು ಮತ್ತೊಮ್ಮೆ ಜಿಡ್ಡುನಿವಾರಕದಿಂದ ಒರೆಸಿ, ಅಂಟುಬಟ್ಟೆಯಿಂದ ಧೂಳು ತೆಗೆಯಬೇಕು. ಗಾಳಿಯ ಕಂಪ್ರೆಸರ್‌ನಲ್ಲಿ ಶೇಖರವಾಗುವ ನೀರನ್ನು ಪ್ರತಿದಿನ ಹೊರಬಿಟ್ಟು, ಕೊಳವೆಗೆ ತೇವ ಬೇರ್ಪಡಿಸುವ ಫಿಲ್ಟರ್ ಅಳವಡಿಸುವುದು ಅತ್ಯಗತ್ಯ.

8. ಕೆಲಸಗಾರರ ಸುರಕ್ಷತೆ ಮತ್ತು ತ್ಯಾಜ್ಯ

ಪಿ.ಯು. ಬಣ್ಣಗಳ ಗಟ್ಟಿಕಾರಕಗಳಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕವಿರುತ್ತದೆ. ಇದರ ತುಂತುರನ್ನು ಉಸಿರಾಡುವುದರಿಂದ ಅಸ್ತಮಾ ಉಂಟಾಗಬಹುದು. ಒಮ್ಮೆ ಉಂಟಾದರೆ ಅನಂತರ ಅತ್ಯಲ್ಪ ಪ್ರಮಾಣಕ್ಕೂ ಉಬ್ಬಸ ಬರಬಹುದು. ಮೂಗಿಗೆ ಕಟ್ಟಿದ ಕರವಸ್ತ್ರ ಅಥವಾ ಧೂಳಿನ ಮಾಸ್ಕ್ ಇದಕ್ಕೆ ರಕ್ಷಣೆಯಲ್ಲ. ಹೊರಗಿನಿಂದ ಶುದ್ಧ ಗಾಳಿ ಪೂರೈಸುವ ಮುಖವಾಡವೇ ಬೇಕು. ಹಳೆಯ ವಾಹನಗಳ ಬಣ್ಣದಲ್ಲಿ ಸೀಸದ ಸಂಯುಕ್ತಗಳು ಇರುವ ಸಂಭವವಿದೆ. ಆದುದರಿಂದ ಮನೆಯಂಗಳದಲ್ಲಿ, ಮಕ್ಕಳಿರುವ ಕಡೆ ಹಳೆಯ ಬಣ್ಣವನ್ನು ಒಣಗಿಯೇ ಉಜ್ಜಿ ಧೂಳೆಬ್ಬಿಸಬಾರದು. ಧೂಳು ಹೀರುವ ಯಂತ್ರ ಜೋಡಿಸಿದ ಉಪಕರಣ ಬಳಸಬೇಕು. ಥಿನ್ನರ್ ಇರುವ ಕಡೆ ಒಲೆ, ಬೀಡಿ, ವೆಲ್ಡಿಂಗ್ ಕಿಡಿ ಇರಬಾರದು.

ಉಳಿದ ಥಿನ್ನರ್, ಬಣ್ಣದ ಕೆಸರು, ಒರೆಸಿದ ಬಟ್ಟೆಗಳನ್ನು ಚರಂಡಿಗೆ, ತೋಡಿಗೆ ಅಥವಾ ತೋಟದ ಗುಂಡಿಗೆ ಹಾಕಬಾರದು. ಜಿಲ್ಲೆಯ ಬಹುಪಾಲು ತೋಡುಗಳ ನೀರು ಕಾವೇರಿಯನ್ನು ಸೇರಿ ಕೆಳಗಿನ ಊರುಗಳ ಕುಡಿಯುವ ನೀರಾಗುತ್ತದೆ. ಬಣ್ಣ ಮತ್ತು ದ್ರಾವಕಗಳ ಕೈಗಾರಿಕಾ ಬಳಕೆಯಿಂದ ಬರುವ ತ್ಯಾಜ್ಯವು 2016ರ ಅಪಾಯಕಾರಿ ತ್ಯಾಜ್ಯಗಳ ನಿಯಮಗಳ ವ್ಯಾಪ್ತಿಗೆ ಬರುತ್ತದೆ ಎಂಬುದನ್ನು ಗ್ಯಾರೇಜುಗಳವರು ಗಮನಿಸಬೇಕು.

9. ನೋಂದಣಿಗೆ ಸಂಬಂಧಿಸಿದ ಅಂಶಗಳು

• ವಾಹನದ ಬಣ್ಣವು ನೋಂದಣಿ ಪತ್ರದಲ್ಲಿ ನಮೂದಾಗಿರುತ್ತದೆ. ಬೇರೆ ಬಣ್ಣ ಹಾಕಿಸುವುದಾದರೆ ಕೆಲಸಕ್ಕೆ ಮುನ್ನವೇ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ, ಬದಲಾವಣೆಯನ್ನು ದಾಖಲಿಸಿಕೊಳ್ಳಬೇಕು. ವಿಮಾ ಸಂಸ್ಥೆಗೂ ತಿಳಿಸಬೇಕು.
• ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 121ರಂತೆ ರಕ್ಷಣಾ ಇಲಾಖೆಗೆ ಸೇರಿದ ವಾಹನಗಳನ್ನು ಹೊರತುಪಡಿಸಿ ಬೇರಾವ ವಾಹನಕ್ಕೂ ಆಲಿವ್ ಹಸಿರು ಬಣ್ಣ ಹಾಕುವಂತಿಲ್ಲ. ಸೈನ್ಯದ ನಂಟು ಆಳವಾಗಿರುವ ಈ ಜಿಲ್ಲೆಯಲ್ಲಿ ಹಳೆಯ ಜೀಪುಗಳಿಗೆ ಈ ಬಣ್ಣದ ಬಗ್ಗೆ ಒಲವಿರುವುದು ಸಹಜವಾದರೂ ನಿಯಮಕ್ಕೆ ವಿನಾಯಿತಿ ಇಲ್ಲ.
• ಷಾಸಿ ಸಂಖ್ಯೆ ಕೊರೆದಿರುವ ಜಾಗವನ್ನು ಗ್ರೈಂಡರ್‌ನಿಂದ ಉಜ್ಜಬಾರದು, ಪುಟ್ಟಿಯಿಂದ ಮುಚ್ಚಬಾರದು. ಸಂಖ್ಯೆ ಸ್ಪಷ್ಟವಾಗಿ ಓದುವಂತಿರಬೇಕು.
• ಅತಿ ಸುರಕ್ಷಿತ ನೋಂದಣಿ ಫಲಕದ ಲಾಕ್ ಒಮ್ಮೆ ತೆಗೆದರೆ ಮತ್ತೆ ಬಳಕೆಗೆ ಬರುವುದಿಲ್ಲ. ಫಲಕವನ್ನು ಕೀಳದೆ ಟೇಪಿನಿಂದ ಮುಚ್ಚಬೇಕು ಅಥವಾ ಬಂಪರ್ ಸಮೇತ ಕಳಚಬೇಕು.

10. ಮಾಲೀಕರು ಖುದ್ದಾಗಿ ನೋಡಬೇಕಾದ ಮೂರು ಹಂತಗಳು

ಕೆಲಸ ಒಪ್ಪಿಸುವಾಗಲೇ ಈ ಕೆಳಕಂಡ ಮೂರು ಹಂತಗಳಲ್ಲಿ ತಮಗೆ ತಿಳಿಸಿ, ಒಪ್ಪಿಗೆ ಪಡೆದು ಮುಂದುವರಿಯುವಂತೆ ಗ್ಯಾರೇಜಿನವರೊಂದಿಗೆ ಲಿಖಿತವಾಗಿ ಮಾತಾಗಿರಬೇಕು. ದೂರದ ತೋಟಗಳಲ್ಲಿ ಇರುವವರು ಛಾಯಾಚಿತ್ರ ತರಿಸಿಕೊಳ್ಳಬಹುದು.

• ಮೊದಲನೆಯದು, ತುಕ್ಕು ತೆಗೆದು ಬರಿಯ ತಗಡು ಕಾಣುವಾಗ: ಕಪ್ಪು ಕುಳಿ ಉಳಿದಿದೆಯೇ, ತೂತಿಗೆ ಹೊಸ ತಗಡು ಹಾಕಲಾಗಿದೆಯೇ, ನೀರಿನ ರಂಧ್ರಗಳು ತೆರೆದಿವೆಯೇ?
• ಎರಡನೆಯದು, ಎಪಾಕ್ಸಿ ಪ್ರೈಮರ್ ಹಾಕಿದಾಗ: ಬಾಗಿಲಿನ ಕೆಳ ಅಂಚು ಮತ್ತು ಕಮಾನಿನ ಒಳಭಾಗಕ್ಕೂ ಪ್ರೈಮರ್ ತಲುಪಿದೆಯೇ?
• ಮೂರನೆಯದು, ಸರ್ಫೇಸರ್ ಉಜ್ಜಿದ ಮೇಲೆ: ಓರೆಯಾಗಿ ಬೆಳಕು ಬಿಟ್ಟು ನೋಡಿದಾಗ ಅಲೆಗಳಿವೆಯೇ, ಎಲ್ಲಿಯಾದರೂ ತಗಡು ಇಣುಕುತ್ತಿದೆಯೇ?

ಈ ಪರಿಶೀಲನೆಗೆ ಮಾಲೀಕರ ಸ್ವಲ್ಪ ಸಮಯ ಹಿಡಿಯುತ್ತದೆ ಮತ್ತು ಉತ್ತಮ ಸಿದ್ಧತೆಗೆ ಗ್ಯಾರೇಜಿನವರು ಹೆಚ್ಚು ಕೂಲಿ ಕೇಳುವುದು ನ್ಯಾಯವೇ ಆಗಿದೆ. ಹಣ ಮಿತವಾಗಿದ್ದಲ್ಲಿ ದುಬಾರಿ ಬಣ್ಣವನ್ನು ಬಿಟ್ಟು ಸಾಮಾನ್ಯ ಬಣ್ಣವನ್ನು ಆರಿಸಿಕೊಳ್ಳಬಹುದು; ಸಿದ್ಧತೆಯ ಹಂತಗಳನ್ನು ಮಾತ್ರ ಕಡಿತಗೊಳಿಸಬಾರದು.